ಹೊಸದಾಗಿ ಬಂದ ಉದ್ದಮೀಸೆಯ ದುಂಬಿಯನ್ನು ಗುರುತಿಸುವ ಬಗೆ

ಮಾವಿನ ಕಾಂಡವನ್ನು ಕೊರೆಯುವ ದೊಡ್ಡ ಹುಳುವನ್ನೂ, ಅರಾಬಿಕಾ ಕಾಫಿ ಗಿಡವನ್ನು ಒಣಗಿಸುವ ಬಿಳಿ ಕಾಂಡಕೊರಕವನ್ನೂ ತೋಟದವರು ಬಲ್ಲರು. ಎರಡೂ ಉದ್ದಮೀಸೆಯ ದುಂಬಿಗಳೆಂಬ ಒಂದೇ ಕುಲಕ್ಕೆ ಸೇರಿದವು. ಇವು ಹಳೆಯ ಶತ್ರುಗಳು. ನಡೆ ತಿಳಿದಿರುವುದರಿಂದ ಕಾವಲು ಸಾಧ್ಯ. ಹೊರದೇಶದಿಂದ ಬಂದಿಳಿಯುವ ದುಂಬಿಯ ವಿಷಯವು ಹಾಗಲ್ಲ. ಅದು ಬಂದುದೇ ತಿಳಿಯದೆ ವರ್ಷಗಳು ಕಳೆಯುವುದುಂಟು.

ಅಮೆರಿಕ ದೇಶದಲ್ಲಿ ನಡೆದ ಸಂಗತಿಯೇ ಇದಕ್ಕೆ ನಿದರ್ಶನವು. ಚೀನಾ ಕಡೆಯ ದುಂಬಿಯೊಂದು ಸರಕಿನ ಪೆಟ್ಟಿಗೆಗಳ ಹಲಗೆಯೊಳಗೆ ಅಡಗಿ ಸಮುದ್ರವನ್ನು ದಾಟಿತು. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಮೇಪಲ್ ಮರಗಳಲ್ಲಿ ಅದು ಮೊದಲು ಗೊತ್ತಾಯಿತು. 1998ರಲ್ಲಿ ಚಿಕಾಗೋ ನಗರದಲ್ಲಿ ಕಂಡಾಗ ಸುಮಾರು 1,500 ಮರಗಳನ್ನು ಕಡಿಯುವುದರಲ್ಲಿಯೇ ಕೆಲಸವು ಮುಗಿದು, 2008ರಲ್ಲಿ ಕೀಟವು ನಿರ್ಮೂಲವಾಯಿತೆಂದು ಸಾರಿದರು. ಅದೇ ವರ್ಷ ವೂಸ್ಟರ್ ಪಟ್ಟಣದ ನಿವಾಸಿಯೊಬ್ಬರು ತಮ್ಮ ಹಿತ್ತಲಿನಲ್ಲಿ ದುಂಬಿಯನ್ನು ನೋಡಿ ತಿಳಿಸುವ ವೇಳೆಗೆ ಅದು ಬಂದು ನೆಲಸಿ ಸುಮಾರು ಹತ್ತು ವರ್ಷಗಳಾಗಿದ್ದುವು. ಅಲ್ಲಿ ಕಡಿಯಬೇಕಾಗಿ ಬಂದ ಮರಗಳು 30,000ಕ್ಕೂ ಹೆಚ್ಚು.

ಈ ದುಂಬಿಯು ಒಂದರಿಂದ ಒಂದೂವರೆ ಅಂಗುಲ ಉದ್ದವಿದ್ದು, ಹೊಳೆಯುವ ಕಪ್ಪು ಮೈಮೇಲೆ ಬಿಳಿಯ ಚುಕ್ಕೆಗಳಿರುತ್ತವೆ. ಮೀಸೆಯು ಮೈಗಿಂತ ಉದ್ದ. ಅದರಲ್ಲಿ ಕಪ್ಪು ಬಿಳುಪಿನ ಪಟ್ಟೆಗಳು. ಅಲ್ಲಿಯದೇ ಆದ ಪೈನ್ ಮರದ ದುಂಬಿಯೊಂದು ಇದನ್ನು ಹೋಲುವುದರಿಂದ ಜನರು ಮೋಸಹೋಗುತ್ತಾರೆ. ಆದರೆ ಆ ದುಂಬಿಗೆ ರೆಕ್ಕೆಗಳ ಬುಡದಲ್ಲಿ, ನಟ್ಟನಡುವೆ, ಒಂದು ಬಿಳಿಯ ಬೊಟ್ಟು ಇದೆ, ಪರದೇಶದ್ದಕ್ಕೆ ಇಲ್ಲ. ಮೇಲಾಗಿ ಅದು ಸಾಯುತ್ತಿರುವ ಅಥವಾ ಕಡಿದು ಹಾಕಿದ ಮರವನ್ನು ಹುಡುಕುವುದು. ಇದು ಹಸುರಾಗಿ ಬೆಳೆಯುತ್ತಿರುವ ಮರವನ್ನೂ ಹಿಡಿಯುವುದು.

ಇದೇ ದುಂಬಿಯು ಇಲ್ಲಿಗೆ ಬರುವುದೆಂದು ಹೇಳುವುದು ಉದ್ದೇಶವಲ್ಲ. ಯಾವುದು ಬಂದರೂ ನೋಡುವ ರೀತಿ ಒಂದೇ: ತನ್ನ ತೋಟದ ದುಂಬಿಗಳನ್ನು ಚೆನ್ನಾಗಿ ಅರಿತವನಿಗೆ ಮಾತ್ರ ಹೊಸದು ಹೊಸದಾಗಿ ಕಾಣುವುದು. ಮಾವಿನದು ಸುಮಾರು ಎರಡು ಅಂಗುಲ. ಬೂದುಗಂದು ಮೈ, ತಲೆಯ ಹಿಂದೆ ಎರಡು ಕೆಂಪು ಮಚ್ಚೆ. ಕಾಫಿಯದು ಸಣ್ಣದು, ಕಪ್ಪು ಮೈಯಲ್ಲಿ ಬಿಳಿಯ ಗೀರುಗಳು. ಕುಲದ ಹೆಸರು ಏನೇ ಇರಲಿ, ಇದರ ಮೀಸೆ ಮಾತ್ರ ಗಿಡ್ಡ. ಆದಕಾರಣ ಮೀಸೆಯೊಂದನ್ನೇ ನಂಬತಕ್ಕದ್ದಲ್ಲ.

ದುಂಬಿಗಿಂತ ಮೊದಲು ಮರವೇ ಸುದ್ದಿ ಕೊಡುವುದುಂಟು. ಬುಡದಲ್ಲಿಯೂ ಕವಲುಗಳಲ್ಲಿಯೂ ಹೊಟ್ಟು ಬಿದ್ದಿರುವುದು, ತೊಗಟೆಯ ಗಾಯದಿಂದ ರಸ ಸೋರುವುದು, ಒಂದೇ ಕೊಂಬೆ ಅಕಾಲದಲ್ಲಿ ಒಣಗುವುದು, ಪೆನ್ಸಿಲ್ ತೂರುವಷ್ಟು ದುಂಡನೆಯ ರಂಧ್ರ ಕಾಣುವುದು, ಇವು ಗುರುತುಗಳು. ರಂಧ್ರವು ದುಂಬಿ ಹೊರಟುಹೋದ ಬಾಗಿಲಾದುದರಿಂದ ಅಕ್ಕಪಕ್ಕದ ಮರಗಳನ್ನು ಕೂಡಲೆ ಪರೀಕ್ಷಿಸಬೇಕು.

ಅಪರಿಚಿತ ದುಂಬಿಯನ್ನು ಹೊಸಕಿ ಎಸೆಯಕೂಡದು. ಬಿಗಿಯಾದ ಮುಚ್ಚಳದ ಸೀಸೆಯಲ್ಲಿ ಹಾಕಿ, ಊರು, ತಾರೀಖು, ಮರದ ಹೆಸರು ಬರೆದ ಚೀಟಿಯೊಡನೆ ರೈತ ಸಂಪರ್ಕ ಕೇಂದ್ರಕ್ಕೆ ತಲಪಿಸತಕ್ಕದ್ದು. ಪರೀಕ್ಷೆಯಾಗುವವರೆಗೆ ಆ ಮರದ ಸೌದೆಯನ್ನು ಬೇರೆ ಊರಿಗೆ ಸಾಗಿಸಲಾಗದು. ಯಂತ್ರಗಳೊಡನೆ ಪರದೇಶದಿಂದ ಬರುವ ಪೆಟ್ಟಿಗೆಗಳ ಮೇಲೂ ಊರಿನ ಮುಖಂಡರು ಕಣ್ಣಿಡಬೇಕು. 2002ರಲ್ಲಿ ಏರ್ಪಟ್ಟ ಅಂತರರಾಷ್ಟ್ರೀಯ ನಿಯಮದಂತೆ ಇಂಥ ಹಲಗೆಯನ್ನು ತಿರುಳಿನವರೆಗೂ 56 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 30 ನಿಮಿಷ ಕಾಯಿಸಿ, ಅಥವಾ ವಿಷವಾಯುವನ್ನು ಹಾಯಿಸಿ, ಗೋಧಿಯ ತೆನೆಯ ಮುದ್ರೆಯನ್ನೊತ್ತಿರಬೇಕು. ಮುದ್ರೆಯಿಲ್ಲದ ಹಲಗೆ, ಅದರಲ್ಲಿಯೂ ತೊಗಟೆ ಉಳಿದದ್ದು, ತೋಟದ ಬೇಲಿಗೂ ದನದ ಕೊಟ್ಟಿಗೆಗೂ ಬೇಡ. ಅದನ್ನು ಬಂದ ವಾರದಲ್ಲಿಯೇ ಒಲೆಗೆ ಹಾಕುವುದು ಕ್ಷೇಮ.