ಸಿಮೆಂಟಿಗೆ ಸುಟ್ಟ ಕೆಯೋಲಿನ್: ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

ಹಡಗಲಿ ತಾಲ್ಲೂಕಿನ ಮಾಗಳ ತುಂಗಭದ್ರೆಯ ದಡದ ಗ್ರಾಮ. ಇದೇ ನದಿಗೆ ಹೊಸಪೇಟೆಯ ಬಳಿ 1945ರಲ್ಲಿ ಆರಂಭಿಸಿ 1953ರಲ್ಲಿ ಪೂರ್ಣಗೊಳಿಸಿದ ಅಣೆಕಟ್ಟಿನ ಕಲ್ಲುಕಟ್ಟಡದಲ್ಲಿ ಸುರ್ಕಿ ಗಾರೆಯನ್ನು ಬಳಸಲಾಯಿತು. ಸುರ್ಕಿಯೆಂದರೆ ಸುಟ್ಟ ಜೇಡಿಮಣ್ಣಿನ ಪುಡಿ. ಸುಣ್ಣದೊಡನೆ ಕೂಡಿ ಗಟ್ಟಿಯಾಗುವ ಅದರ ಗುಣವೇ ಇಂದಿನ ಸುಟ್ಟ ಕೆಯೋಲಿನ್ ವ್ಯಾಪಾರಕ್ಕೂ ಆಧಾರ.

ಕೆಯೋಲಿನೈಟ್ ಖನಿಜವನ್ನು ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕಾಯಿಸಿದಾಗ ಅದರ ರಚನೆಯೊಳಗಿನ ನೀರು ಹೊರಹೋಗಿ ಮೆಟಾಕೆಯೋಲಿನ್ ಉಂಟಾಗುತ್ತದೆ. ಸಿಮೆಂಟಿಗೆ ನೀರು ಬೆರೆತಾಗ ಹುಟ್ಟುವ ಸುಣ್ಣದೊಡನೆ ಇದು ವರ್ತಿಸಿ ಕಾಂಕ್ರೀಟಿಗೆ ಬಲ ನೀಡುತ್ತದೆ. ಕಾವು ಸಾಲದಿದ್ದರೆ ಮಣ್ಣು ಮಣ್ಣಾಗಿಯೇ ಉಳಿಯುತ್ತದೆ. ಅತಿಯಾದರೆ ಕ್ರಿಯಾಶಕ್ತಿ ಕುಂದುತ್ತದೆ. ಕ್ಲಿಂಕರ್ ತಯಾರಿಕೆಗೆ ಸುಮಾರು 1450 ಡಿಗ್ರಿ ಬೇಕಾಗುವುದರಿಂದ ಇದರಲ್ಲಿ ಇಂಧನದ ಉಳಿತಾಯವುಂಟು.

ಕ್ಲಿಂಕರ್ ಶೇ. 50, ಸುಟ್ಟ ಜೇಡಿ ಶೇ. 30, ಸುಣ್ಣಕಲ್ಲು ಶೇ. 15, ಜಿಪ್ಸಂ ಶೇ. 5 ಎಂಬ ಮಿಶ್ರಣವು ಈ ಬಗೆಯ ಸಿಮೆಂಟಿನ ಪ್ರಸಿದ್ಧ ಪ್ರಮಾಣ. ಭಾರತೀಯ ಮಾನಕ ಬ್ಯೂರೋ ಇದಕ್ಕಾಗಿ ಐಎಸ್ 18189:2023 ಮಾನಕವನ್ನು ಹೊರತಂದಿದೆ. ಇದಕ್ಕೆ ಕಾಗದ ಅಥವಾ ಪಿಂಗಾಣಿ ಉದ್ಯಮಕ್ಕೆ ಬೇಕಾಗುವಂಥ ಅಚ್ಚಬಿಳಿ ಮಣ್ಣೇ ಆಗಬೇಕೆಂದಿಲ್ಲ. ಕೆಯೋಲಿನೈಟ್ ಸುಮಾರು ಶೇ. 40ರಷ್ಟಿದ್ದರೆ ಕೆಂಪು ಮಣ್ಣೂ ಉಪಯುಕ್ತ.

ಸಣ್ಣ ಉದ್ಯಮಿ ಎಡವುವುದು ಇಳುವರಿಯ ಲೆಕ್ಕದಲ್ಲಿ. ಶುದ್ಧ ಕೆಯೋಲಿನೈಟ್ ಸುಟ್ಟಾಗ ತನ್ನ ತೂಕದ ಸುಮಾರು ಶೇ. 14ರಷ್ಟನ್ನು ಕಳೆದುಕೊಳ್ಳುತ್ತದೆ. ಉದಾಹರಣೆಗೆ, ಟನ್ನಿಗೆ ರೂ. 1,000ದಂತೆ 100 ಟನ್ ಹಸಿಮಣ್ಣು ಕೊಂಡರೆಂದು ಭಾವಿಸೋಣ. ತೇವಾಂಶ ಶೇ. 10 ಇದ್ದರೆ ಒಣಮಣ್ಣು 90 ಟನ್. ಅದರಲ್ಲಿ ಕೆಯೋಲಿನೈಟ್ ಅರ್ಧದಷ್ಟು, ಅಂದರೆ 45 ಟನ್ ಇದ್ದರೆ, ಸುಡುವಾಗ ಇನ್ನೂ 6.3 ಟನ್ ಕಡಿಮೆಯಾಗಿ 83.7 ಟನ್ ಉಳಿಯುತ್ತದೆ. ಮಣ್ಣಿನ ವೆಚ್ಚವೇ ಟನ್ನಿಗೆ ಸುಮಾರು ರೂ. 1,195 ಆಯಿತು. ಸಾಗಾಣಿಕೆ, ಇಂಧನ, ಅರೆಯುವಿಕೆ, ಸವಕಳಿ ಹಾಗೂ ಬಡ್ಡಿಯನ್ನು ಇದರ ಮೇಲೆ ಸೇರಿಸತಕ್ಕದ್ದು. ಒಂದು ಸಾವಿರವನ್ನೇ ಆಧಾರವಾಗಿಟ್ಟು ದರ ಒಪ್ಪಿಕೊಂಡವರು ಪ್ರತಿ ಟನ್ನಿಗೂ ರೂ. 195 ನಷ್ಟವನ್ನು ತಮಗರಿವಿಲ್ಲದೆಯೇ ಹೊರುತ್ತಾರೆ.

ಆದುದರಿಂದ ಕುಲುಮೆಗೆ ಸಾಲ ಪಡೆಯುವ ಮುನ್ನ ಮಣ್ಣಿನ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಕೆಯೋಲಿನೈಟ್ ಪ್ರಮಾಣವನ್ನೂ ತೇವಾಂಶವನ್ನೂ ಲಿಖಿತವಾಗಿ ಪಡೆಯುವುದು ಅವಶ್ಯ. ಖರೀದಿ ಕರಾರಿನಲ್ಲಿ ಒಣತೂಕದ ಮೇಲೆ ದರ ನಿಗದಿಪಡಿಸುವುದು ಕ್ಷೇಮಕರ. ನೀರಿಗೆ ಮಣ್ಣಿನ ಬೆಲೆ ತೆತ್ತ ವ್ಯಾಪಾರ ಹೆಚ್ಚು ದಿನ ನಿಲ್ಲಲಾರದು.