‘ಆಮೇಲೆ ಹೇಳ್ತೀನಿ’ ಎನ್ನದ ಮನೆ: ಮನೆಮಂದಿಯೆಲ್ಲ ಸನ್ನೆ ಭಾಷೆ ಕಲಿಯುವ ಬಗೆ, ಹಂತ ಹಂತವಾಗಿ

ನನ್ನ ಮಗಳಿಗೆ ಆಗ ಆರು ವರ್ಷ. ಯುಗಾದಿಗೆ ಮನೆ ತುಂಬ ನೆಂಟರು. ಊಟದ ಸಾಲಿನಲ್ಲಿ ಯಾರೋ ಏನೋ ಹೇಳಿದರು, ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರ ಮುಖ ನೋಡಿಕೊಂಡು ಅವಳೂ ನಕ್ಕಳು. ಆಮೇಲೆ ನನ್ನ ಸೆರಗು ಜಗ್ಗಿ, ಅಂಗೈ ತಿರುಗಿಸಿ ಕೇಳಿದಳು: ಏನು? ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ನಾನು “ಏನಿಲ್ಲ, ಆಮೇಲೆ ಹೇಳ್ತೀನಿ” ಅಂದುಬಿಟ್ಟೆ. ಆ ‘ಆಮೇಲೆ’ ಬರಲೇ ಇಲ್ಲ. ಎಲೆ ಎತ್ತುವಾಗ ನೋಡಿದರೆ, ಅವಳು ಕೋಸಂಬರಿಯ ಹೆಸರುಬೇಳೆಯನ್ನು ಎಲೆಯ ಅಂಚಿಗೆ ಒಂದೊಂದಾಗಿ ಸಾಲು ಜೋಡಿಸಿಟ್ಟಿದ್ದಳು.

ಅವಳು ಶಾಲೆಯಲ್ಲಿ ಸನ್ನೆ ಕಲಿಯುತ್ತಿದ್ದಳು. ಮನೆಯಲ್ಲಿ ಅದು ತಿಳಿಯುತ್ತಿದ್ದದ್ದು ನನಗೊಬ್ಬಳಿಗೆ, ಅದೂ ಅರ್ಧಂಬರ್ಧ. ಹದಿನಾಲ್ಕು ಜನರ ನಡುವೆ ಕೂತ ಮಗುವಿಗೆ ಮಾತಾಡಲು ಒಂದೇ ಜೀವ, ಆ ಜೀವಕ್ಕೂ ಕೈಯಲ್ಲಿ ತುಪ್ಪದ ಗಿಂಡಿ. ಅಂದು ಶುರುವಾದ ನಮ್ಮ ಕಲಿಕೆಯಲ್ಲಿ ಉಪಯೋಗಕ್ಕೆ ಬಂದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಹಂತ 1: ಮೊದಲು ಪರೀಕ್ಷೆ, ಕಾಯುವುದು ಬೇಡ

“ಅವರಪ್ಪನಿಗೂ ಮಾತು ತಡವಾಗಿಯೇ ಬಂದಿದ್ದು” ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ನಾವೂ ನಂಬಿದೆವು. ಬಜೆ ತೇಯ್ದು ನೆಕ್ಕಿಸಿದೆವು, ಬೆನ್ನ ಹಿಂದೆ ತಟ್ಟೆ ಬಡಿದು ನೋಡಿದೆವು. ತಟ್ಟೆ ಬಡಿದಾಗ ಮಗು ತಿರುಗಿದರೆ ಕಿವಿ ಸರಿಯಿದೆ ಎನ್ನಲಾಗದು. ದೊಡ್ಡ ಸದ್ದು ಕೇಳಿ, ಮಾತು ಕೇಳದೇ ಇರಬಹುದು. ಸದ್ದೇ ಕೇಳದೆ ನೆಲದ ಅದುರಿಗೆ ತಿರುಗಿರಬಹುದು. ಹೀಗೆ ಎರಡೂವರೆ ವರ್ಷ ಕಳೆದುಕೊಂಡೆವು.

ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ನೆರವು ಶುರು: ತಜ್ಞರು ಒಪ್ಪಿರುವ ಲೆಕ್ಕ ಇದು. ಮಲಗಿರುವ ಕೂಸಿಗೂ ಬೆರಾ ಪರೀಕ್ಷೆ ಮಾಡಬಹುದು. ತಲೆಗೆ ಅಂಟಿಸಿದ ತಂತಿಗಳು ಶ್ರವಣ ನರದ ಉತ್ತರವನ್ನು ಹಿಡಿಯುತ್ತವೆ, ನೋವಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಕಿವಿಗೆ ಬಿಸಿ ಎಣ್ಣೆ ಬಿಡುವುದನ್ನು ಇವತ್ತೇ ನಿಲ್ಲಿಸಿ.

ಇನ್ನೊಂದು ಮಾತು. ವರದಿ ಕೈಗೆ ಬಂದ ದಿನವೇ ತಾಯಿಯತ್ತ ಬೆರಳು ತೋರಿಸುವವರು ಹುಟ್ಟಿಕೊಳ್ಳುತ್ತಾರೆ: ಬಸುರಿಯಿದ್ದಾಗ ಏನು ತಿಂದಳು, ಗ್ರಹಣ ನೋಡಿದಳಾ ಎಂದು. ಕಾರಣ ಅನುವಂಶೀಯತೆ ಇರಬಹುದು (ರಕ್ತಸಂಬಂಧದ ಮದುವೆಗಳಲ್ಲಿ ಆ ಸಾಧ್ಯತೆ ಹೆಚ್ಚು), ಬಸಿರಲ್ಲಿ ತಗಲಿದ ರುಬೆಲ್ಲಾ ಇರಬಹುದು, ಹುಟ್ಟಿದ ಮೇಲಿನ ತೀವ್ರ ಕಾಮಾಲೆ ಅಥವಾ ಮಿದುಳು ಜ್ವರ ಇರಬಹುದು. ತಿಳಿಯದೇ ಉಳಿಯುವುದೂ ಉಂಟು. ಗ್ರಹಣಕ್ಕೆ ಇದರಲ್ಲಿ ಪಾಲಿಲ್ಲ.

ಹಂತ 2: ಮಿಷನ್ನೋ ಸನ್ನೆಯೋ ಎಂದು ಆರಿಸಬೇಡಿ

“ಸನ್ನೆ ಕಲಿಸಿದರೆ ಮಾತು ಬರೋದಿಲ್ಲಮ್ಮ” ಎಂದು ನನಗೆ ಒಂದು ಕಡೆ ಖಡಾಖಂಡಿತವಾಗಿ ಹೇಳಿದ್ದರು. ಒಂದು ವರ್ಷ ನಾನು ಮಗಳ ಕೈ ಹಿಡಿದು ಕೂರಿಸಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮಗುವಿಗೆ ಮೊದಲ ವರ್ಷಗಳಲ್ಲಿ ಯಾವುದಾದರೂ ಒಂದು ಭಾಷೆ ಪೂರ್ತಿಯಾಗಿ ಸಿಗಬೇಕು. ಅದು ಕಣ್ಣಿನಿಂದ ಬಂದರೂ ಮಿದುಳಿಗೆ ಭಾಷೆಯೇ. ಕಿವಿ ಮಿಷನ್ ಹಾಕಿಸಿ, ವೈದ್ಯರು ಹೇಳಿದರೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿ, ಮಾತಿನ ತರಬೇತಿಯನ್ನೂ ಕೊಡಿಸಿ. ಅದರ ಜೊತೆಗೇ ಸನ್ನೆಯನ್ನೂ ಶುರು ಮಾಡಿ. ಮಿಷನ್ನಿನ ಬ್ಯಾಟರಿ ಮುಗಿಯುತ್ತದೆ, ಸ್ನಾನಕ್ಕೆ ತೆಗೆದಿಡಬೇಕು, ಮದುವೆ ಮನೆಯ ಗದ್ದಲದಲ್ಲಿ ಅದು ಮಾತನ್ನು ಬೇರ್ಪಡಿಸಿ ಕೊಡಲಾರದು. ಕೈ ಯಾವಾಗಲೂ ಜೊತೆಗಿರುತ್ತದೆ.

“ತುಟಿ ನೋಡಿ ತಿಳ್ಕೊಳ್ತಾಳೆ” ಎಂಬ ನಂಬಿಕೆಯನ್ನು ಕಳೆದುಕೊಳ್ಳಲು ಒಂದು ಸುಲಭ ಉಪಾಯವಿದೆ. ಕನ್ನಡಿಯ ಮುಂದೆ ದನಿ ತೆಗೆಯದೆ ‘ಅಪ್ಪ’ ಅನ್ನಿ, ಆಮೇಲೆ ‘ಅಮ್ಮ’ ಅನ್ನಿ. ತುಟಿಯ ಮೇಲೆ ಎರಡೂ ಒಂದೇ. ಕ, ಗ ಅಕ್ಷರಗಳಂತೂ ಗಂಟಲ ಬಳಿಯೇ ಹುಟ್ಟಿ ಹೊರಗೆ ಕಾಣುವುದೇ ಇಲ್ಲ. ನಾವು ನಮ್ಮ ಮಗುವಿನಿಂದ ಇಡೀ ದಿನ ಬೇಡುತ್ತಿದ್ದದ್ದು ಈ ಊಹೆಯ ಆಟವನ್ನೇ.

ಹಂತ 3: ಸರಿಯಾದ ಭಾಷೆಯನ್ನು ಹಿಡಿಯಿರಿ

ಸನ್ನೆ ಭಾಷೆ ಜಗತ್ತಿಗೆಲ್ಲ ಒಂದೇ ಅಲ್ಲ. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಸಾಮಾನ್ಯವಾಗಿ ಅಮೆರಿಕದ್ದು. ನನ್ನ ನಾದಿನಿ ಅದನ್ನೇ ಎರಡು ವಾರ ಶ್ರದ್ಧೆಯಿಂದ ಕಲಿತಳು, ಮಗಳು ಪಿಳಿಪಿಳಿ ನೋಡಿದಳು. ಗುರುತು ಹೀಗೆ: ಅಮೆರಿಕದವರು ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ನಮ್ಮ ಭಾರತೀಯ ಸನ್ನೆ ಭಾಷೆಯಲ್ಲಿ ಬಹುಮಟ್ಟಿಗೆ ಎರಡು ಕೈ ಬೇಕು. ಎ, ಇ, ಐ, ಓ, ಯು ಸ್ವರಗಳು ಹೆಬ್ಬೆರಳಿಂದ ಕಿರುಬೆರಳವರೆಗೆ ಒಂದೊಂದು ಬೆರಳ ತುದಿಯಲ್ಲಿ ಕೂತಿರುತ್ತವೆ.

2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ವಿಡಿಯೊ ನಿಘಂಟು ಮಾಡಿದೆ. 2018ರಲ್ಲಿ ಮೂರು ಸಾವಿರ ಪದಗಳಿದ್ದದ್ದು 2021ರ ಮೂರನೆಯ ಆವೃತ್ತಿಗೆ ಹತ್ತು ಸಾವಿರವಾಯಿತು. ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಊರೂರಿಗೆ ಕೆಲವು ಸನ್ನೆ ಬೇರೆಯಾಗುತ್ತವೆ. ನಿಘಂಟಿಗೂ ಮಗುವಿನ ಶಾಲೆಯ ರೂಢಿಗೂ ವ್ಯತ್ಯಾಸ ಬಂದರೆ ಶಾಲೆಯದ್ದನ್ನೇ ಹಿಡಿಯಿರಿ.

ಹಂತ 4: ಮನೆಯನ್ನು ಕಣ್ಣಿಗೆ ಒಗ್ಗಿಸಿ

ಹಿಂದಿನಿಂದ ಕೂಗುವುದನ್ನು ಬಿಡಿ. ಎದುರಿಗೆ ಬಂದು ಕೈ ಬೀಸಿ, ಹೆಗಲು ತಟ್ಟಿ, ದೂರವಿದ್ದರೆ ದೀಪ ಒಮ್ಮೆ ಆರಿಸಿ ಹಚ್ಚಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕರೆಂಟ್ ಹೋದರೆ ನಮಗೆ ಫ್ಯಾನ್ ನಿಲ್ಲುತ್ತದೆ, ಅವಳಿಗೆ ಮಾತೇ ನಿಲ್ಲುತ್ತದೆ. ಹಾಗಾಗಿ ಚಾರ್ಜ್ ಮಾಡಿದ ದೀಪ ಊಟದ ಕೋಣೆಯಲ್ಲಿ ಸದಾ ಇರಲಿ.

ಹಂತ 5: ದಿನಕ್ಕೆ ಮೂರು ಪದ, ಕೆಲಸದ ಜೊತೆಯಲ್ಲೇ

ಪಟ್ಟಿ ಬಾಯಿಪಾಠ ಮಾಡಬೇಡಿ. ಅಡುಗೆಮನೆಯಲ್ಲಿ ಅಡುಗೆಮನೆಯ ಪದ, ಹಾಸಿಗೆ ಹಾಸುವಾಗ ಅದರ ಪದ. ಊಟಕ್ಕೆ ಬೆರಳು ಕೂಡಿಸಿ ಬಾಯಿಗೆ ಒಯ್ಯಿರಿ. ಮನೆಗೆ ಎರಡು ಕೈಗಳ ಬೆರಳ ತುದಿ ಸೇರಿಸಿ ಸೂರು ಮಾಡಿ. ಗಂಡು ಎನ್ನಲು ಮೀಸೆಯ ಜಾಗ, ಹೆಣ್ಣು ಎನ್ನಲು ಮೂಗುತಿಯ ಜಾಗ. ಇದನ್ನು ಕಲಿತ ದಿನ ನಮ್ಮತ್ತೆ ತಮ್ಮ ಮೂಗುಬೊಟ್ಟು ಮುಟ್ಟಿಕೊಂಡು, “ಇದು ನಮ್ಮದೇ ಭಾಷೆ ಕಣೇ” ಅಂದರು. ಅವತ್ತಿನಿಂದ ಅವರನ್ನು ಹಿಡಿಯುವವರಿಲ್ಲ.

ಎರಡು ವಾರದಲ್ಲಿ ನಲವತ್ತು ಪದ ದಾಟುತ್ತವೆ. ಆಗ ವಾಕ್ಯಕ್ಕೆ ಬನ್ನಿ.

ಹಂತ 6: ವಾಕ್ಯ, ಮುಖ, ಜಾಗ

ಕನ್ನಡದವರಿಗೆ ಇಲ್ಲೊಂದು ಅನುಕೂಲ. ಸನ್ನೆಯಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ, ಪ್ರಶ್ನೆಯ ಪದವೂ ಕೊನೆಗೆ: ನಿನ್ನ, ಹೆಸರು, ಏನು. ‘ಅನ್ನು, ಇಂದ, ಗೆ’ಗಳು ಮಾತ್ರ ಇಲ್ಲ. ಆ ಕೆಲಸವನ್ನು ಜಾಗ ಮತ್ತು ದಿಕ್ಕು ಮಾಡುತ್ತವೆ. ‘ಕೊಡು’ ಎಂಬ ಸನ್ನೆ ನನ್ನಿಂದ ನಿನ್ನತ್ತ ಹೋದರೆ ನಾನು ನಿನಗೆ ಕೊಟ್ಟೆ, ನಿನ್ನಿಂದ ನನ್ನತ್ತ ಬಂದರೆ ನೀನು ನನಗೆ ಕೊಟ್ಟೆ. ಕಳೆದದ್ದು ಬೆನ್ನ ಕಡೆಗೆ, ಬರುವುದು ಮುಂದಕ್ಕೆ.

ದೊಡ್ಡವರು ಸೋಲುವುದು ಕೈಯಲ್ಲಲ್ಲ, ಮುಖದಲ್ಲಿ. ‘ಊಟ ಆಯ್ತಾ?’ ಎಂಬುದಕ್ಕೂ ‘ಊಟ ಆಯ್ತು’ ಎಂಬುದಕ್ಕೂ ಕೈ ಒಂದೇ. ಹುಬ್ಬು ಎತ್ತಿ, ತಲೆ ತುಸು ಮುಂದೆ ಚಾಚಿದರೆ ಪ್ರಶ್ನೆ. ನನ್ನ ಗಂಡ ತಿಂಗಳುಗಟ್ಟಲೆ ಗಂಭೀರ ಮುಖದಲ್ಲೇ ಸನ್ನೆ ಮಾಡುತ್ತಿದ್ದರು. ಅಪ್ಪ ಯಾಕೆ ಸಿಟ್ಟಾಗಿದ್ದಾರೆ ಎಂದು ಮಗಳು ನನ್ನನ್ನು ಕೇಳುತ್ತಿದ್ದಳು.

ಬಾಯಲ್ಲಿ ಕನ್ನಡ, ಕೈಯಲ್ಲಿ ಸನ್ನೆ, ಎರಡನ್ನೂ ಒಟ್ಟಿಗೆ ಓಡಿಸಿದರೆ ಎರಡೂ ಅರ್ಧವಾಗುತ್ತವೆ. ದಿನಕ್ಕೆ ಅರ್ಧ ಗಂಟೆ ಎಲ್ಲರೂ ಬಾಯಿ ಮುಚ್ಚಿ ಕೈಯಲ್ಲೇ ಮಾತಾಡಿ. ನಾವು ರಾತ್ರಿ ಎಂಟರಿಂದ ಎಂಟೂವರೆ ಇಟ್ಟುಕೊಂಡೆವು. ಮೊದಲ ವಾರ ಮನೆಯಲ್ಲಿ ಸಾವಿನ ಸೂತಕದಂಥ ಮೌನ. ಮೂರನೆಯ ವಾರಕ್ಕೆ ಜಗಳ ಶುರುವಾಯಿತು. ಜಗಳವಾಡುವಷ್ಟು ಭಾಷೆ ಬಂತಲ್ಲ ಎಂದು ನನಗೆ ಖುಷಿಯೋ ಖುಷಿ.

ಹಂತ 7: ಕಿವುಡರ ಹತ್ತಿರವೇ ಕಲಿಯಿರಿ

ಕಿವುಡು ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಹಾಗಾಗಿ ಬೆಳೆದ ಕಿವುಡರನ್ನು ಆ ಮಗು ನೋಡಿಯೇ ಇರುವುದಿಲ್ಲ. ಕಿವುಡ ಶಿಕ್ಷಕರೊಬ್ಬರು ವಾರಕ್ಕೊಮ್ಮೆ ನಮ್ಮ ಮನೆಗೆ ಬರತೊಡಗಿದ ಮೇಲೆ ಮಗಳು ನನ್ನನ್ನು ಕೇಳಿದಳು: ದೊಡ್ಡವಳಾದ ಮೇಲೂ ನಾನು ಕಿವುಡಿಯಾಗೇ ಇರಬಹುದಾ? ದೊಡ್ಡವರಾದರೆ ಕಿವಿ ಬರುತ್ತದೆ ಎಂದುಕೊಂಡಿದ್ದಳು, ಏಕೆಂದರೆ ಅವಳು ಕಂಡ ದೊಡ್ಡವರಿಗೆಲ್ಲ ಕಿವಿ ಕೇಳುತ್ತಿತ್ತು. ಆ ಶಿಕ್ಷಕರೇ ಅವಳಿಗೊಂದು ಹೆಸರ ಸನ್ನೆ ಕೊಟ್ಟರು, ಕೆನ್ನೆಯ ಗುಳಿಗೆ ಬೆರಳಿಟ್ಟು. ‘ಮೂಕಿ’ ಎಂಬ ಪದವನ್ನು ನಮ್ಮ ಮನೆಯಿಂದ ಹೊರಗಟ್ಟಿದವರೂ ಅವರೇ.

ಇಡೀ ಊರು ಸನ್ನೆ ಕಲಿಯಲು ಸಾಧ್ಯವೇ ಎನ್ನುವವರು ಗೌರಿಬಿದನೂರು ತಾಲ್ಲೂಕಿನ ಅಲೀಪುರವನ್ನು ನೋಡಬೇಕು. ತಲೆಮಾರುಗಳಿಂದ ಹುಟ್ಟುಕಿವುಡರು ಹೆಚ್ಚಿರುವ ಆ ಊರಿನಲ್ಲಿ ಅಲ್ಲಿಯದೇ ಒಂದು ಸನ್ನೆ ಭಾಷೆ ಬೆಳೆದಿದೆ. ಕಿವಿ ಕೇಳುವ ಎಷ್ಟೋ ಮಂದಿಗೂ ಅದು ಬರುತ್ತದೆ. ಭಾಷಾವಿಜ್ಞಾನಿಗಳು ಅದನ್ನು ದಾಖಲಿಸಿದ್ದಾರೆ.

ಹಂತ 8: ಕಾಗದಪತ್ರ

ಇದನ್ನು ಬೇಗ ಮುಗಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್ ಮಾಡಿಸಿಟ್ಟರೆ ಬಸ್ ಪಾಸಿನಿಂದ ಪರೀಕ್ಷೆಯ ರಿಯಾಯಿತಿವರೆಗೆ ಅದೇ ಆಧಾರ.

ಹಂತ 9: ಮತ್ತೆ ಊಟದ ಸಾಲಿಗೆ

ನೆಂಟರಿಗೆಲ್ಲ ಸನ್ನೆ ಬರಬೇಕೆಂದು ಹಟ ಹಿಡಿಯಬೇಡಿ. ಒಬ್ಬೊಬ್ಬರಿಗೆ ಹತ್ತು ಪದ ಸಾಕು, ಅವನ್ನು ಮಗುವೇ ಕಲಿಸಲಿ. ಮಗುವನ್ನು ಗೋಡೆಗೆ ಬೆನ್ನು ಮಾಡಿ, ಎಲ್ಲರ ಮುಖ ಕಾಣುವಂತೆ ಕೂರಿಸಿ. ಒಂದು ಸಲಕ್ಕೆ ಒಬ್ಬರೇ ಮಾತಾಡಲಿ. ನಮ್ಮ ಮನೆಯ ಕಟ್ಟಳೆ ಇನ್ನೂ ಒಂದಿದೆ: ನಗಿಸಿದವರೇ ಅದನ್ನು ಕೈಯಲ್ಲೂ ಹೇಳಬೇಕು, ತಾಯಿ ಮೇಲೆ ಹಾಕುವಂತಿಲ್ಲ.

ಕಳೆದ ಯುಗಾದಿಗೆ ಮಾವನವರು ತಮ್ಮ ಹಳೇ ಎತ್ತಿನಗಾಡಿಯ ಕಥೆ ತೆಗೆದರು. ಎಲ್ಲರೂ ನಕ್ಕ ಮೇಲೆ ಅವರು ಬಲಗೈಯ ಹೋಳಿಗೆಯನ್ನು ಎಲೆಗಿಟ್ಟು, ಎಡಗೈಯೊಂದರಲ್ಲೇ ಎರಡು ಕೊಂಬು, ಒಂದು ಹಳ್ಳ, ಮಗುಚಿದ ಗಾಡಿ, ಒದ್ದೆ ಪಂಚೆ, ಎಲ್ಲವನ್ನೂ ತೋರಿಸಿದರು. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಎರಡು ಬೆರಳೆತ್ತಿ ಅಜ್ಜನನ್ನು ತಿದ್ದಿದಳು: ಎತ್ತು ಎರಡಿದ್ದವಲ್ಲ, ಒಂದೇ ತೋರಿಸಿದೆ.