ಪೆಡಲಿಲ್ಲದ ಸೈಕಲ್ಲಿಗೆ ಕಾಲಿನ ಅಳತೆ

ಬೆಳೆಯುವ ಮಕ್ಕಳಿಗೆ ಏನು ತಂದರೂ ಒಂದು ಸೈಜು ದೊಡ್ಡದನ್ನೇ ತರುವುದು ನಮ್ಮ ಕಡೆಯ ರೂಢಿ. ಯೂನಿಫಾರ್ಮು, ಚಪ್ಪಲಿ, ರೇನ್‌ಕೋಟು ಎಲ್ಲವೂ ಬರುವ ವರ್ಷಕ್ಕೂ ಆಗಬೇಕು. ಎರಡು ತುಂಬಿದ ಮಗಳಿಗೆ ಬ್ಯಾಲೆನ್ಸ್ ಬೈಕು ಕೊಳ್ಳುತ್ತೇವೆ ಎಂದಾಗ ಪುತ್ತೂರಿನಿಂದ ಅಮ್ಮ ಫೋನಿನಲ್ಲಿ ಹೇಳಿದ್ದೂ ಅದನ್ನೇ: "ಸ್ವಲ್ಪ ದೊಡ್ಡದೇ ತಕ್ಕೊಳ್ಳಿ, ಹೇಗೂ ಬೆಳೀತಾಳಲ್ಲ." ಅದಕ್ಕೆ ಪೆಡಲೇ ಇರುವುದಿಲ್ಲ ಎಂದು ತಿಳಿದ ಮೇಲೆ ಇನ್ನೊಂದು ಪ್ರಶ್ನೆ ಬಂತು: "ಮತ್ತೆ ದುಡ್ಡು ಯಾತಕ್ಕೆ ಕೊಡುದು?"

ಪೆಡಲಿಲ್ಲದ ಗಾಡಿ ಈಗಿನವರ ಶೋಕಿಯೇನಲ್ಲ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಮೊದಲ ದ್ವಿಚಕ್ರ ವಾಹನವೂ ಕಾಲಲ್ಲಿ ನೆಲ ಒದ್ದು ಓಡುವ ಮರದ ಗಾಡಿಯೇ. ಮುಂಚಕ್ರಕ್ಕೆ ಪೆಡಲು ಬಂದದ್ದು 1860ರ ದಶಕದಲ್ಲಿ. ಹಾಗೆ ನೋಡಿದರೆ ಸೈಡ್ ವೀಲ್ ಹಾಕಿ ಪೆಡಲು ತುಳಿಯಲು ಕಲಿಸುವ ನಾವೇ ಕ್ರಮವನ್ನು ತಲೆಕೆಳಗು ಮಾಡಿದವರು. ಸೈಕಲ್ಲಿನಲ್ಲಿ ಕಷ್ಟವಿರುವುದು ವಾಲಿದ ಕಡೆಗೆ ಹ್ಯಾಂಡಲ್ ತಿರುಗಿಸಿ ಸಮತೋಲ ಹಿಡಿಯುವುದರಲ್ಲಿ. ಸೈಡ್ ವೀಲಿದ್ದರೆ ಗಾಡಿ ವಾಲುವುದೇ ಇಲ್ಲ.

ಅಮ್ಮನ ಮೊದಲ ಮಾತಿಗೆ ಮಾತ್ರ ನಾನು ಒಪ್ಪಲಿಲ್ಲ. ಈ ಗಾಡಿಗೆ ಎಂಜಿನ್ನೂ ಬ್ರೇಕೂ ಮಗುವಿನ ಪಾದಗಳೇ. ಸೀಟಿನಲ್ಲಿ ಕೂತರೆ ಎರಡೂ ಅಂಗಾಲು ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ತುಸು ಮಡಿಚಿರಬೇಕು. ತುದಿಗಾಲಲ್ಲಿ ನಿಂತ ಮಗು ತಳ್ಳುವುದಿಲ್ಲ, ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡು ಅಪ್ಪನ ಮುಖ ನೋಡುತ್ತದೆ. ಡಬ್ಬದ ಮೇಲೆ ಬರೆದ ವಯಸ್ಸು ಇದಕ್ಕೆ ಏನೂ ಸಹಾಯ ಮಾಡದು. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಸಂದಿಗೆ ತಾಗುವಂತೆ ಒಂದು ಪುಸ್ತಕ ಇಟ್ಟು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಬೇಕು. ಬಂದ ಅಳತೆಯಲ್ಲಿ 2–3 ಸೆಂಟಿಮೀಟರ್ ಕಳೆದರೆ ಸೀಟಿನ ಎತ್ತರ ಸಿಗುತ್ತದೆ. ಮಗಳ ಕಾಲು 33 ಸೆಂಟಿಮೀಟರ್ ಇತ್ತು. ಎರ್ನಾಕುಲಂನ ಅಂಗಡಿಯಲ್ಲಿ 'ಎರಡು ವರ್ಷದಿಂದ' ಎಂದು ಬರೆದಿದ್ದ ಒಂದು ಚೆಂದದ ಬೈಕಿನ ಸೀಟು ಎಷ್ಟು ಇಳಿಸಿದರೂ 36ಕ್ಕೆ ನಿಂತುಬಿಟ್ಟಿತು. ಟೇಪು ಕೈಯಲ್ಲಿದ್ದುದರಿಂದ ವಾದ ಬೆಳೆಯಲಿಲ್ಲ.

ಆಮೇಲೆ ತೂಕ. ಮಗುವಿನ ತೂಕದ ಶೇ. 30ನ್ನು ಬೈಕು ಮೀರಬಾರದು ಎಂಬುದು ಬಲ್ಲವರ ಲೆಕ್ಕ. 11 ಕಿಲೋ ಮಗುವಿಗೆ ಸುಮಾರು 3.3 ಕಿಲೋ. ಅದೇ ಮಗುವಿಗೆ 5 ಕಿಲೋದ ಕಬ್ಬಿಣದ ಬೈಕು ಕೊಟ್ಟರೆ, 60 ಕಿಲೋ ತೂಗುವ ನಾವು 27 ಕಿಲೋದ ಸೈಕಲ್ಲನ್ನು ಒದ್ದುಕೊಂಡು ಹೋದ ಹಾಗೆ. ಅಲ್ಲದೆ ಅರ್ಧ ದಾರಿಯಲ್ಲಿ ಮಗುವಿಗೆ ಬೇಸರ ಬಂದಾಗ ಅದನ್ನೂ ಬೈಕನ್ನೂ ಹೊತ್ತು ತರುವವರು ಯಾರು ಎಂಬುದನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ನಾವಿದ್ದದ್ದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ, ಬಂದರಿನ ನೌಕರಿಯ ದೆಸೆಯಿಂದ. ಬ್ರಿಟಿಷ್ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕಾಲದಲ್ಲಿ ಬಂದರಿಗಾಗಿ ಹಿನ್ನೀರಿನ ತಳ ತೋಡಿ, ಆ ಮಣ್ಣು ಸುರಿದು ಎಬ್ಬಿಸಿದ ದ್ವೀಪ ಅದು. ಹಾಗಾಗಿ ನೆಲವೆಲ್ಲ ಚಪ್ಪಟೆ, ಅಗಲ ರಸ್ತೆ, ಮೇಲೆ ಮಳೆಮರಗಳ ನೆರಳು. 2011ರಲ್ಲಿ ಕಂಟೇನರ್ ಟರ್ಮಿನಲ್ ವಲ್ಲಾರ್‌ಪಾಡಂಗೆ ಹೋಯಿತಾದರೂ ಸರಕಿನ ಲಾರಿಗಳು ನಿಂತಿಲ್ಲ. ದೊಡ್ಡ ರಸ್ತೆ ನಮಗೆ ನಿಷಿದ್ಧ, ಕ್ವಾರ್ಟರ್ಸಿನ ಒಳದಾರಿಗಳೇ ಗತಿ. ರಸ್ತೆ ಮಟ್ಟಕ್ಕೆ ಹೂತ ಬಂದರಿನ ಹಳಿಗಳನ್ನು ಕಂಡರೆ ಇಳಿಸಿ ನಡೆಸುವುದೇ ಕ್ಷೇಮ. ಸಣ್ಣ ಚಕ್ರ ಹಳಿಯ ಸಂದಿಗೆ ಓರೆಯಾಗಿ ಸಿಕ್ಕಿದರೆ ಮಗು ಮುಗ್ಗರಿಸುತ್ತದೆ. ಜೆಟ್ಟಿಯ ಆಟೋದವರು ಮಾತ್ರ ಕಂಡಾಗಲೆಲ್ಲ "ಪೆಡಲ್ ಎವಿಡೆ ಮೋಳೇ?" (ಪೆಡಲ್ ಎಲ್ಲಿ ಮಗಳೇ?) ಎಂದು ಅವಳನ್ನು ಛೇಡಿಸುವುದು ಬಿಡಲಿಲ್ಲ.

ಟೈರಿನ ವಿಷಯಕ್ಕೆ ಬಂದರೆ, ಫೋಮ್ ಟೈರು ಹಗುರ, ಪಂಕ್ಚರ್ ಇಲ್ಲ, ಎರಡು ವರ್ಷದ ಮಗುವಿಗೆ ಸಾಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬಯಲುಸೀಮೆಯಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಜೂನ್ ಕಳೆದರೂ ರಸ್ತೆ ಒಣಗದ, ಮಳೆಮರದ ಎಲೆ ಕೊಳೆತು ಜಾರುವ ಊರಿನಲ್ಲಿ ಗಾಳಿ ಟೈರೇ ನೆಲ ಹಿಡಿಯುತ್ತದೆ. ಅದಕ್ಕಾಗಿ ಸ್ವಲ್ಪ ತೂಕ ಹೆಚ್ಚಾದರೂ ಒಪ್ಪಿಕೊಂಡೆವು. ವಾಲ್ವು ಸ್ಕೂಟರಿನಂಥದೇ ಇರಲಿ, ಮತ್ತು ಚಿಕ್ಕ ಚಕ್ರದ ಕಡ್ಡಿಗಳ ನಡುವೆ ಪಂಪಿನ ಮೂತಿ ಹೋಗುತ್ತದೆಯೋ ಎಂದು ಅಂಗಡಿಯಲ್ಲೇ ನೋಡಬೇಕು. ಮರದ ಬೈಕು ಫೋಟೋಗೆ ಚೆಂದ. ಆ ತೇವಕ್ಕೆ ನಾನು ಅದನ್ನು ತರುತ್ತಿರಲಿಲ್ಲ.

ಕೊನೆಗೆ ನಾವು ಕೊಂಡದ್ದು ಹಳೆಯದನ್ನು. ನೌಕಾಪಡೆ, ಬಂದರು ಎಂದು ವರ್ಗಾವಣೆಯವರೇ ತುಂಬಿದ ಕಡೆ ಮಕ್ಕಳ ಸಾಮಾನು ಕೈಯಿಂದ ಕೈಗೆ ದಾಟುತ್ತಿರುತ್ತದೆ. ಉಪ್ಪುಗಾಳಿಯ ಊರಿನ ಹಳೆ ಬೈಕಿನಲ್ಲಿ ಬಣ್ಣ ನೋಡುವುದಕ್ಕಿಂತ ಸೀಟಿನ ಕೊಳವೆ ಹೊರಬರುತ್ತದೆಯೋ ನೋಡಬೇಕು. ಅದು ತುಕ್ಕಿಗೆ ಕಚ್ಚಿಕೊಂಡಿದ್ದರೆ ಮಗು ಬೆಳೆದಂತೆ ಸೀಟು ಬೆಳೆಯದು. ಫ್ರೇಮು ಅಲ್ಯೂಮಿನಿಯಂ ಆದರೂ ಬೋಲ್ಟುಗಳು ಕಬ್ಬಿಣದವೇ. ಕೊಂಡ ದಿನವೇ ಒಮ್ಮೆ ಬಿಚ್ಚಿ ಗ್ರೀಸ್ ಹಚ್ಚಿದೆವು. ಹೆಲ್ಮೆಟ್ ಮಾತ್ರ ಹೊಸದೇ, ತಲೆಯ ಸುತ್ತಳತೆ ಹಿಡಿದು. ಬೇರೆಯವರು ಬಳಸಿದ ಹೆಲ್ಮೆಟ್ ಎಷ್ಟು ಪೆಟ್ಟು ತಿಂದಿದೆಯೋ ಮೇಲಿಂದ ಗೊತ್ತಾಗದು.

ಬ್ರೇಕು ಬೇಕೋ ಬೇಡವೋ ಎಂಬ ಚರ್ಚೆ ದ್ವೀಪದಲ್ಲಿ ಹುಟ್ಟಲೇ ಇಲ್ಲ. ಅದು ಹುಟ್ಟಿದ್ದು ತಿರುವನಂತಪುರದ ನಾದಿನಿಯ ಮನೆಗೆ ಬೈಕನ್ನೂ ಕಟ್ಟಿಕೊಂಡು ಹೋದಾಗ. ಗುಡ್ಡಗಳ ಊರು ಅದು. ಕನಕಕ್ಕುನ್ನು ಅರಮನೆಯ ಇಳಿಜಾರಿನ ದಾರಿ ಕಂಡೊಡನೆ ಮಗಳು ಕಾಲೆತ್ತಿ ಬಿಟ್ಟಳು. ಅವಳ ಅಪ್ಪ ಪಕ್ಕದಲ್ಲೇ ಓಡಿ ಸೀಟು ಹಿಡಿದರು. ಇಳಿಜಾರಿನಲ್ಲಿ ಚಕ್ರದ ವೇಗಕ್ಕೆ ಪುಟ್ಟ ಪಾದಗಳು ಸಾಟಿಯಲ್ಲ. ಹಾಗೆಂದು ಎರಡು ವರ್ಷದ ಬೆರಳಿಗೆ ಬ್ರೇಕಿನ ಕಡ್ಡಿ ಹಿಚುಕುವ ಬಲವೂ ಇಲ್ಲ, ಆ ಕ್ಷಣದಲ್ಲಿ ನೆನಪೂ ಆಗದು. ಗುಡ್ಡದ ಊರಿನವರು ಮೂರು ದಾಟಿದ ಮಗುವಿಗೆ ಕೊಳ್ಳುವುದಾದರೆ ಹಿಂಚಕ್ರಕ್ಕೆ ಬ್ರೇಕಿರುವುದನ್ನು ಹುಡುಕಲಿ. ಅದಕ್ಕಿಂತ ಚಿಕ್ಕವರಿಗೆ ನಮ್ಮ ಓಟದ ಮಿತಿಯೇ ಇಳಿಜಾರಿನ ಮಿತಿ.

ನಾಲ್ಕು ತುಂಬುವಾಗ ಪೆಡಲಿನ ಸೈಕಲ್ ಕೊಳ್ಳಲು ಹೋದೆವು, ಅದೇ ಟೇಪಿನೊಂದಿಗೆ. ಸೈಡ್ ವೀಲ್ ಬೇಡ ಎಂದರೆ ಅಂಗಡಿಯವರು ನಂಬಲಿಲ್ಲ. ಮಗಳು ಅಂಗಡಿಯ ಮುಂದೆಯೇ ಒಂದು ಸುತ್ತು ಹೊಡೆದು ಬಂದ ಮೇಲೆ ಅವನ್ನು ಬಿಚ್ಚಿದರು. ಬಿಚ್ಚಿ, ದುಡ್ಡು ಕೊಟ್ಟಿದ್ದೀರಲ್ಲ ಎಂದು ಎರಡನ್ನೂ ಚೀಲಕ್ಕೆ ಹಾಕಿಯೇ ಕಳಿಸಿದರು.